ಬಲಗಾಲಿನ ಹೊರಬೆರಳು

ಅಕ್ಕೋರ ಬಲಗೈ ಹೆಬ್ಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಒಂದು ತಗ್ಗು ಇತ್ತು. ಕಲಸಿದ ಹಿಟ್ಟಿನ ಮೇಲೆ ಕಡಲೆಕಾಳು ಒತ್ತಿ ತೆಗೆದರೆ ಉಳಿಯುವಂಥದು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಜಾಗದಲ್ಲಿ ಕಲ್ಲು ಕೆರೆಯುವ ಸೂಜಿಯ ಹಿಡಿ ಕೂತು ಕೂತು ಆದದ್ದು. ಅವರು ಅನ್ನ ಬಡಿಸುವಾಗಲೂ, ಕಾರು ಓಡಿಸುವಾಗಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಬೂದು ಧೂಳು. ಮುಖ ತೊಳೆದು, ಕುಂಕುಮ ಇಟ್ಟು, ಹೊರಗೆ ಹೊರಟರೂ ಅದು ಹೇಗೋ ಉಳಿದಿರುತ್ತಿತ್ತು.

ಅವರಿಗೆ ಅಕ್ಕೋರು ಎಂದು ಹೆಸರಿಟ್ಟವಳು ನಾನೇ. ನಮ್ಮ ಹುಬ್ಬಳ್ಳಿ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತೇವೆ. ಅವರು ಎಂದೂ ಸಾಲಿಯಲ್ಲಿ ಕಲಿಸಿದವರಲ್ಲ. ಧಾರವಾಡದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಕೊಯ್ದು ತೋರಿಸುತ್ತಿದ್ದವರು ಮದುವೆಯಾಗಿ ಟೊರಾಂಟೋಕ್ಕೆ ಬಂದರು. ಮೊದಲು ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚಿದರು. ಆಮೇಲೆ ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸಿ ಕೊಡುವ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದರು. ಆ ವರ್ಕ್‌ಶಾಪು ಮುಚ್ಚಿದ ಮೇಲೆ ಟೊರಾಂಟೋ ಹತ್ತಿರದ ವಿಟ್ಬಿಯ ತಮ್ಮ ಮನೆಯ ಗ್ಯಾರೇಜಿನಲ್ಲೇ ಅದೇ ಕೆಲಸ ಮುಂದುವರಿಸಿದ್ದರು. ಯಜಮಾನರು ತೀರಿಕೊಂಡಿದ್ದರು. ಒಬ್ಬಳೇ ಮಗಳು, ಅದೇ ಊರಿನಲ್ಲಿ, ಐದು ನಿಮಿಷದ ದಾರಿ.

ನಾನು ಅವರನ್ನು ಕಂಡದ್ದು ೨೦೧೫ರಲ್ಲಿ, ಮಾರ್ಕಮ್‌ನ ಒಂದು ಹಾಲ್‌ನಲ್ಲಿ ನಮ್ಮ ಮಂದಿಯ ದೀಪಾವಳಿ ಊಟದ ಸಾಲಿನಲ್ಲಿ. ನಾನು ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದವಳು. ಮೇಣದಲ್ಲಿ ಹಲ್ಲು ಕೆತ್ತುವುದು, ಪ್ಲಾಸ್ಟರಿನ ಅಚ್ಚು ತೆಗೆಯುವುದು, ತಿಕ್ಕಿ ಹೊಳಪು ಕೊಡುವುದು ನನ್ನ ಕೆಲಸ. ಇಲ್ಲಿ ಬಂದ ಮೇಲೆ ನೋಡಿದರೆ ಆ ಕೆಲಸವನ್ನೆಲ್ಲ ಕಂಪ್ಯೂಟರು ಮಾಡುತ್ತಿತ್ತು. ನಾನು ಒಂದು ವೇರ್‌ಹೌಸಿನಲ್ಲಿ ಶಾಂಪೂ ಬಾಟಲಿಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಇದನ್ನು ಪಕ್ಕದಲ್ಲಿ ನಿಂತ ಯಾರಿಗೋ ಹೇಳುತ್ತಿದ್ದಾಗ ಹಿಂದಿನಿಂದ ಅಕ್ಕೋರು ನನ್ನ ತಟ್ಟೆಯನ್ನು ತಾವು ತೆಗೆದುಕೊಂಡರು.

"ಕೈ ತೋರ್ಸು" ಅಂದರು.

ನಾನು ಎರಡೂ ಕೈ ಚಾಚಿದೆ. ಅಂಗೈ ನೋಡಲಿಲ್ಲ. ಬೆರಳು ನಡುಗುತ್ತವೆಯೋ ಎಂದು ನೋಡಿದರು. ನಡುಗಲಿಲ್ಲ. "ಸೋಮವಾರ ವಿಟ್ಬಿಗೆ ಬಾ. ಸ್ಟೇಷನ್ನಿಗೆ ಕಾರ್ ತರ್ತೀನಿ" ಎಂದು ತಟ್ಟೆಯನ್ನು ತಿರುಗಿ ಕೊಟ್ಟರು.

ಹೀಗೆ ನಾನು ವಾರಕ್ಕೆ ಮೂರು ದಿನ ಸ್ಕಾರ್ಬರೋದಿಂದ ಟ್ರೇನು ಹಿಡಿದು ವಿಟ್ಬಿಗೆ ಹೋಗತೊಡಗಿದೆ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಎರಡು ಮೇಜು, ಎರಡು ಮೈಕ್ರೋಸ್ಕೋಪು, ಗೋಡೆ ತುಂಬ ಅಗಲವಾದ ತೆಳು ಡ್ರಾಗಳು. ಚಳಿಗಾಲದಲ್ಲಿ ಅಕ್ಕೋರು ಸೀರೆಯ ಮೇಲೆ ಮಗಳ ಹಳೆಯ ಸ್ನೋ ಜಾಕೆಟ್ಟು, ಅದರ ಮೇಲೊಂದು ಏಪ್ರನ್ನು ಹಾಕಿಕೊಂಡು ಕೂರುತ್ತಿದ್ದರು. ಹೀಟರು ಇದ್ದರೂ ಹಚ್ಚುತ್ತಿರಲಿಲ್ಲ. ಅದಕ್ಕೆ ಕಾರಣ ಅವರ ಕಲ್ಲುಗಳು.

ಅವರು ಹೆಚ್ಚಾಗಿ ಮಾಡುತ್ತಿದ್ದದ್ದು ಹಳೆಯ ಕೆರೆಗಳ ಕೆಸರು ಗಟ್ಟಿಯಾಗಿ ಆದ ಕಲ್ಲುಗಳ ಕೆಲಸ. ಮಯೋಸೀನ್ ಎಂದು ಕರೆಯುವ ಕಾಲದ್ದು, ಒಂದೆರಡು ಕೋಟಿ ವರ್ಷದ ಹಿಂದಿನದು. ಡೈನೋಸಾರುಗಳು ಹೋಗಿ ಎಷ್ಟೋ ಕಾಲವಾಗಿ, ಈಗ ನಾವು ಕಾಣುವಂಥ ಹಕ್ಕಿ, ಮೀನು, ಜಿಂಕೆಗಳ ಪೂರ್ವಜರು ಓಡಾಡುತ್ತಿದ್ದ ಕಾಲ. ಅಂಥ ಕೆರೆಯ ತಳದಲ್ಲಿ ಗಾಳಿಯಾಡುತ್ತಿರಲಿಲ್ಲವಂತೆ. ಹುಳುಗಳೂ ಬದುಕುತ್ತಿರಲಿಲ್ಲ. ಸತ್ತು ಮುಳುಗಿದ ಪ್ರಾಣಿಯನ್ನು ಯಾರೂ ಕದಡುತ್ತಿರಲಿಲ್ಲ. ವರ್ಷ ವರ್ಷವೂ ಮೇಲೆ ಒಂದು ತೆಳು ಪದರ ಕೆಸರು ಕೂತು, ಕಪ್ಪೆಯ ಚರ್ಮದ ಗೆರೆ, ಮೀನಿನ ಹೊಟ್ಟೆಯಲ್ಲಿದ್ದ ಇನ್ನೊಂದು ಮೀನು, ಎಲ್ಲ ಹಾಗೇ ಉಳಿದುಬಿಡುತ್ತಿತ್ತು. ಇಂಥ ಕಲ್ಲು ಬಹಳ ಮೆತ್ತಗಿನದು. ಒಮ್ಮೆಲೇ ಒಣಗಿತೋ, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಸೀಳುತ್ತದೆ. ಅದಕ್ಕೇ ಹೀಟರು ಇಲ್ಲ. ತುಳಸಿಗೆ ನೀರು ಚಿಮುಕಿಸುವಂತೆ ದಿನಕ್ಕೆ ನಾಲ್ಕು ಸಲ ಕಲ್ಲಿಗೆ ನೀರು ಚಿಮುಕಿಸುವುದು, ಒದ್ದೆ ಬಟ್ಟೆ ಹೊದಿಸುವುದು, ವಾರಗಟ್ಟಲೆ ನಿಧಾನ ಆರಿಸುವುದು.

ಅಕ್ಕೋರು ಆ ಪ್ರಾಣಿಗಳನ್ನು ಪಳೆಯುಳಿಕೆ ಎಂದೂ ಅನ್ನುತ್ತಿರಲಿಲ್ಲ, ಫಾಸಿಲ್ ಎಂದೂ ಅನ್ನುತ್ತಿರಲಿಲ್ಲ. 'ಕೆರಿಯಾಗಿನ ಮಂದಿ' ಅನ್ನುತ್ತಿದ್ದರು. ಇವತ್ತು ಎರಡು ಮಂದಿ ಬಂದಾರ, ಒಬ್ಬಾಕಿಗೆ ತಲಿ ಇಲ್ಲ, ಎಂದು ಪಾರ್ಸೆಲ್ ಬಿಚ್ಚುತ್ತ ಹೇಳುವರು. ಮೊದಮೊದಲು ನನಗೆ ಅವಸರ. ಸಂಜೆಯ ಟ್ರೇನು ಹಿಡಿಯುವ ಗಡಿಬಿಡಿ ಕೈಗೆ ಬರುತ್ತಿತ್ತು. ಅದನ್ನು ಅವರು ಬೆನ್ನು ತಿರುಗಿಸಿ ಕೂತಿದ್ದರೂ ಸೂಜಿಯ ಸದ್ದಿನಿಂದಲೇ ತಿಳಿಯುತ್ತಿದ್ದರು. "ಅದು ಕೋಟಿ ವರ್ಷ ಅಲ್ಲೇ ಮಲಗೇತಿ. ನಿನ್ನ ನಾಲ್ಕರ ಟ್ರೇನಿಗೆ ಏಳಂಗಿಲ್ಲ" ಅನ್ನುವರು. ಕೈ ಚಲೋ ಓಡಿದ ದಿನ ಹೊಗಳುತ್ತಿರಲಿಲ್ಲ. ಒಳಗೆ ಹೋಗಿ, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಒಂದು ದೊಡ್ಡ ಬೋಗುಣಿ ಚುರುಮುರಿ ಕಲಸಿ ತರುತ್ತಿದ್ದರು. ಅದನ್ನು ಗ್ಯಾರೇಜಿನ ಹೊಸ್ತಿಲ ಆಚೆಗೇ ನಿಂತು ತಿನ್ನಬೇಕು. ಒಂದು ಕಾಳು ಒಳಗೆ ಬೀಳಕೂಡದು.

ಆ ಹಕ್ಕಿ ಬಂದದ್ದು ೨೦೧೭ರ ಚಳಿಗಾಲದಲ್ಲಿ.

ಬೇರೊಂದು ಪ್ರಾಂತ್ಯದ ಕಾಲೇಜೊಂದರ ಸಂಗ್ರಹದ್ದು. ನಮ್ಮ ಟಿಟ್ಟಿಭದಷ್ಟು ಗಾತ್ರದ ನೀರಹಕ್ಕಿ. ಕೊರಳು ಹಿಂದಕ್ಕೆ ಬಾಗಿಸಿ, ಒಂದು ರೆಕ್ಕೆ ಬಿಡಿಸಿಕೊಂಡು, ಹಾಸಿಗೆಯಲ್ಲಿ ಮಗ್ಗುಲಾದಂತೆ ಮಲಗಿತ್ತು. ಎಡಗಾಲು ಕಲ್ಲಿನ ಅಂಚಿನಲ್ಲಿ ಮುರಿದು ಹೋಗಿತ್ತು. ಬಲಗಾಲು ಮಾತ್ರ ಎಲ್ಲ ಬೆರಳುಗಳೊಂದಿಗೆ ಚೆಂದ ಉಳಿದಿತ್ತು. ಮೂವತ್ತು ವರ್ಷಕ್ಕೂ ಹಿಂದೆ ಅದನ್ನು ಕಲ್ಲಿನಿಂದ ಬಿಡಿಸಿದವರು ಅಕ್ಕೋರೇ. ಆಗ ಬಳಿದ ಅರಗಿನ ಲೇಪ ಹಳದಿಯಾಗಿ ಪದರ ಏಳುತ್ತಿತ್ತು. ಅದನ್ನು ತೆಗೆದು ಹೊಸದಾಗಿ ಗಟ್ಟಿ ಮಾಡಬೇಕಿತ್ತು. ಅಲ್ಲಿಯ ಸಂಶೋಧಕರೊಬ್ಬರು ಈ ಹಕ್ಕಿಯ ಮೇಲೆ ಲೇಖನ ಬರೆಯುತ್ತಿದ್ದರು. ಅಕ್ಕೋರು ಅವರನ್ನು 'ಪಕ್ಷಿ ಸಾಹೇಬ್ರು' ಅನ್ನುತ್ತಿದ್ದರು.

ರೆಕ್ಕೆ, ಬೆನ್ನು, ಕೊರಳು ನನಗೆ ಬಿಟ್ಟುಕೊಟ್ಟರು. ಇಷ್ಟು ದೊಡ್ಡ ಕೆಲಸ ಅವರು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಒಂದೇ ಒಂದು ಮಾತು ಹೇಳಿದರು: "ಬಲಗಾಲು ಮುಟ್ಟಬ್ಯಾಡ. ಅದನ್ನ ನಾ ಮಾಡ್ತೀನಿ."

ಆದರೆ ಅವರು ಮಾಡಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ನನ್ನ ಭಾಗ ಮುಗಿಯುತ್ತ ಬಂತು. ಹಕ್ಕಿ ಹೊಳೆಯುತ್ತಿತ್ತು, ಬಲಗಾಲು ಮಾತ್ರ ಹಳದಿ ಲೇಪದ ಕೆಳಗೆ ಮಂಕಾಗಿತ್ತು. ಕೇಳಿದರೆ ಕಣ್ಣು ಯಾಕೋ ಮಂಜಾಗೈತಿ ಎನ್ನುವರು. ಬೇರೆ ಕಲ್ಲಿನ ಮೇಲೆ ಮಾತ್ರ ಅವರ ಕಣ್ಣು ಎಂದಿನಂತೆಯೇ ಇತ್ತು. ನಾನು ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ. ವಯಸ್ಸಾಗಿದೆ, ಪಾಪ, ಎಂದುಕೊಂಡೆ.

ಒಂದು ಶುಕ್ರವಾರ ಮಧ್ಯಾಹ್ನ ಅವರು ಡಾಕ್ಟರ ಹತ್ತಿರ ಹೋಗಿದ್ದರು. ಬಂದು ನೋಡಿ ಖುಷಿಪಡಲಿ ಎಂದು ನಾನು ಬಲಗಾಲಿನ ಲೇಪ ತೆಗೆಯಲು ಕೂತೆ. ಮೂರು ಬೆರಳು ಸಲೀಸಾಗಿ ಆಯಿತು. ನಾಲ್ಕನೆಯದು, ಹೊರಗಿನ ಬೆರಳು. ಅದರ ತುದಿಯಲ್ಲಿ ಸೂಜಿ ಇಟ್ಟೆ, ಅಷ್ಟೇ. ಬೆರಳ ತುದಿ ಟಕ್ಕನೆ ಎದ್ದು ಪಕ್ಕಕ್ಕೆ ಬಿತ್ತು.

ಅದರ ಮುಂದಿನ ಹತ್ತು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ಅಕ್ಕಿಕಾಳಿನ ಮೂತಿಯಷ್ಟು ಇದ್ದ ಆ ಚೂರನ್ನು ಒದ್ದೆ ಕುಂಚದಿಂದ ಎತ್ತಿ, ಇಂಥ ಚೂರುಗಳಿಗೆಂದೇ ಇಟ್ಟಿದ್ದ ಖಾಲಿ ಮಾತ್ರೆ ಕ್ಯಾಪ್ಸೂಲಿನಲ್ಲಿ ಹಾಕಿದೆ. ಮೈಕ್ರೋಸ್ಕೋಪಿನಲ್ಲಿ ನೋಡುವ ಧೈರ್ಯವಾಗಲಿಲ್ಲ. ಕಲ್ಲಿಗೆ ಬಟ್ಟೆ ಹೊದಿಸಿದೆ. ಅಕ್ಕೋರು ಬರುವ ಮೊದಲೇ ಬಸ್ಸು ಹಿಡಿದು ಸ್ಟೇಷನ್ನಿಗೆ ಹೋಗಿಬಿಟ್ಟೆ. ತಲೆನೋವು ಎಂದು ಮೆಸೇಜು ಹಾಕಿದೆ.

ಶನಿವಾರ ಕ್ಲೈನ್‌ಬರ್ಗ್‌ನಲ್ಲಿ ಪರಿಚಯದವರ ಹೊಸ ಮನೆಯ ಪ್ರವೇಶ. ದೊಡ್ಡ ಮನೆ, ಮಾರ್ಬಲ್ಲಿನ ನೆಲ. ಬರಿಗಾಲಲ್ಲಿ ಓಡುವ ಮಕ್ಕಳ ಕಾಲ್ಬೆರಳುಗಳನ್ನೇ ನೋಡುತ್ತ ಕೂತೆ. ನನ್ನ ಗಂಡ ಏನಾಗೇತಿ ಎಂದು ಎರಡು ಸಲ ಕೇಳಿದ. ಅವನಿಗೂ ಹೇಳಲಿಲ್ಲ. ಹೇಳದೆ ಅಂಟಿಸಿಬಿಡಬಹುದು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಲ್ಲಿನ ಲ್ಯಾಬಿನವಳು ನಾನು. ಯಾರಿಗೂ ಕಾಣದಂತೆ ಅಂಟಿಸುವುದು ನನಗೆ ಐದು ನಿಮಿಷದ ಕೆಲಸ. ಭಾನುವಾರ ಪೂರ್ತಿ ಆ ಐದು ನಿಮಿಷವನ್ನೇ ಯೋಚಿಸಿದೆ. ವೇರ್‌ಹೌಸಿನ ಶಾಂಪೂ ಬಾಟಲಿಗಳೂ ಕಣ್ಣ ಮುಂದೆ ಬಂದವು.

ಸೋಮವಾರ ಅಕ್ಕೋರು ಸ್ಟೇಷನ್ನಿಗೆ ಬಂದಿದ್ದರು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುವ ಮೊದಲೇ ಹೇಳಿಬಿಟ್ಟೆ. ತಡ ಮಾಡಿದ್ದರೆ ಹೇಳುತ್ತಿರಲಿಲ್ಲವೇನೋ.

"ಅಕ್ಕೋರ, ನಾ ಬಲಗಾಲು ಮುಟ್ಟೀನ್ರಿ. ಹೊರಗಿನ ಕಾಲಬಟ್ಟು ಮುರದೈತ್ರಿ. ಚೂರು ತೆಗೆದಿಟ್ಟೀನಿ."

ಅವರು ಬೈಯಲಿಲ್ಲ. ಕಾರು ಚಾಲೂ ಮಾಡಲೂ ಇಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡು ಎದುರಿನ ಹಿಮದ ಗುಡ್ಡೆಯನ್ನು ನೋಡುತ್ತ ಕೂತರು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಹೊರಟರು. ಗ್ಯಾರೇಜಿಗೆ ಬಂದು, ಕೈ ತೊಳೆದು, ಒರೆಸಿಕೊಂಡು, ಆ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದರು.

"ಇದನ್ನ ಮೈಕ್ರೋಸ್ಕೋಪಿನಾಗ ನೋಡೀಯೇನು?"

ಇಲ್ಲ ಎಂದೆ.

"ನೋಡು."

ಮುರಿದ ಬದಿಯನ್ನು ಮೇಲೆ ಮಾಡಿ ಇಟ್ಟು ಕಣ್ಣು ಹಚ್ಚಿದೆ. ಒಳಗೆಲ್ಲ ಬೆಳ್ಳಗಿತ್ತು. ಆ ಬಿಳಿಯಲ್ಲಿ ಸಣ್ಣ ಸಣ್ಣ ದುಂಡನೆಯ ತೂತುಗಳು. ಹನ್ನೊಂದು ವರ್ಷ ದಿನಾ ನೋಡಿದ ತೂತುಗಳು ಅವು. ಪುಡಿ ಕಲಸುವಾಗ ಗಾಳಿ ಸೇರಿ ಆಗುವ ಗುಳ್ಳೆಗಳು. ಮೂಳೆಯಲ್ಲಿ ಹಾಗಿರುವುದಿಲ್ಲ.

"ಅಕ್ಕೋರ, ಇದು ಪ್ಲಾಸ್ಟರ್ ಐತ್ರಿ" ಅಂದೆ.

"ಹೌದು. ನಂದs ಅದು" ಅಂದರು.

ಕೂತು ಹೇಳಿದರು. ನಾನು ನಿಂತೇ ಕೇಳಿದೆ. ಅವರು ಆ ವರ್ಕ್‌ಶಾಪಿಗೆ ಸೇರಿ ಬಹಳ ದಿನವಾಗಿರಲಿಲ್ಲ. ಇವಳ ಕೈಯಿಂದ ಇದಾಗದು ಎಂದು ಮೇಲಿನವನು ಎಲ್ಲರ ಮುಂದೆ ಒಮ್ಮೆ ಅಂದಿದ್ದ. ಮಗಳು ಆಗ ನಾಲ್ಕು ವರ್ಷದವಳು. ಈ ಹಕ್ಕಿಯ ಹೊರಬೆರಳಿನ ಕೊನೆಯ ಎರಡು ಮೂಳೆ ಬಿಡಿಸುವಾಗ ಸೂಜಿ ಜಾರಿತು. ಎರಡೂ ಮೂಳೆ ಹಾರಿಹೋದವು. ನೆಲದ ಧೂಳನ್ನೆಲ್ಲ ಗುಡಿಸಿ ಜರಡಿ ಹಿಡಿದರು, ಸಿಗಲಿಲ್ಲ. ಕೊನೆಗೆ ಪ್ಲಾಸ್ಟರಿನಲ್ಲಿ ಎರಡು ಮೂಳೆ ಮಾಡಿ, ಚಹಾದ ಗಸಿಯಲ್ಲಿ ಬಣ್ಣ ಕಟ್ಟಿಸಿ, ಕೂರಿಸಿ, ಮೇಲೆ ಲೇಪ ಬಳಿದುಬಿಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಹೊಗಳಿದರು. ಅದೇ ಹಕ್ಕಿಯಿಂದ ಅವರ ಕೈಗೆ ಹೆಸರು ಬಂತು.

ಈಗ ಮತ್ತೆ ಯಾಕೆ ಇದನ್ನು ಒಪ್ಪಿಕೊಂಡಿರಿ ಎಂದು ಕೇಳಿದೆ.

"ಹೇಳಬೇಕಂತ ತರಿಸಿದ್ನೋ, ಮುಚ್ಚಬೇಕಂತ ತರಿಸಿದ್ನೋ, ನನಗs ಗೊತ್ತಿಲ್ಲ" ಅಂದರು. ಚೂರನ್ನು ತಿರುಗಿ ಕ್ಯಾಪ್ಸೂಲಿಗೆ ಹಾಕಿ, "ನಿನಗ ಅದು ಎಲುಬು ಅಂತs ಅನಿಸಿತ್ತು. ಆದ್ರೂ ಹೇಳಿದಿ. ನನಗ ಮೂವತ್ತು ವರ್ಷ ಬಾಯಿ ಬರಲಿಲ್ಲ" ಅಂದರು.

ಅವರು ಅತ್ತರು ಎಂದು ಬರೆದರೆ ಚೆನ್ನಾಗಿರುತ್ತದೆ. ಅಳಲಿಲ್ಲ. ಕನ್ನಡಕ ತೆಗೆದು ಒರೆಸಿ, ಫೋನು ಕೊಡು ಅಂದರು.

ಪಕ್ಷಿ ಸಾಹೇಬರಿಗೆ ನನ್ನ ಎದುರಿಗೇ, ಸ್ಪೀಕರ್ ಹಾಕಿ ಫೋನು ಮಾಡಿದರು. ನಾನು ಹೊರಗೆ ಹೋಗಲೇ ಎಂದು ಸನ್ನೆ ಮಾಡಿದೆ. ಕೂರು ಎಂದು ಕೈ ತೋರಿಸಿದರು. ಇಂಗ್ಲಿಷಿನಲ್ಲಿ, ಧಾರವಾಡದ ಒತ್ತುಗಳೊಂದಿಗೆ, ಎಲ್ಲವನ್ನೂ ಹೇಳಿದರು: ಬೆರಳ ತುದಿ ಸುಳ್ಳು, ಮಾಡಿದವಳು ನಾನು, ಅಳತೆ ಅಂದಾಜಿನದು. ಕ್ಷಮಿಸಿ ಎಂದರು, ಒಂದು ಕಡೆಯೂ ಸಬೂಬು ಬರಲಿಲ್ಲ. ಮೇಲಿನವನ ಮಾತು, ಮಗಳ ವಯಸ್ಸು, ಯಾವುದನ್ನೂ ಹೇಳಲಿಲ್ಲ.

ಆ ಕಡೆ ದೊಡ್ಡ ಉಸಿರು ಬಿಟ್ಟದ್ದು ಕೇಳಿಸಿತು. ಆ ಮನುಷ್ಯ ನಗುತ್ತಿದ್ದ. ನಾಲ್ಕು ವರ್ಷದಿಂದ ಆ ಬೆರಳು ತನ್ನ ತಲೆ ತಿಂದಿದೆ ಎಂದ. ಬೇರೆಲ್ಲ ಮೂಳೆಗಳೂ ಒಂದು ಗೊತ್ತಿರುವ ಜಾತಿಯ ಹಕ್ಕಿಯ ಹಾಗೇ ಇದ್ದವು, ಹೊರಬೆರಳೊಂದೇ ಗಿಡ್ಡ. ಅದೊಂದನ್ನೇ ಆಧಾರ ಮಾಡಿಕೊಂಡು ಇದು ಹೊಸ ಜಾತಿ ಎಂದು ಬರೆಯಲು ಕೂತಿದ್ದ. ಬರೆಯುವಾಗೆಲ್ಲ ಏನೋ ಸರಿಯಿಲ್ಲ ಎಂದು ಕೈ ತಡೆಯುತ್ತಿತ್ತಂತೆ. ಅಚ್ಚಾಗುವ ಮೊದಲು ಹೇಳಿದಿರಿ, ಬದುಕಿಸಿದಿರಿ, ಎಂದ.

ಆಗ ಅಕ್ಕೋರು ಇನ್ನೊಂದು ಮಾತು ಹೇಳಿದರು. ಇಂಥ ಕಲ್ಲು ಎರಡು ಹೋಳಾಗಿ ಸೀಳುತ್ತದೆ. ಮೂಳೆಗಳು ಒಂದು ಹೋಳಿನಲ್ಲಿ ಉಳಿದರೆ ಅವುಗಳ ಅಚ್ಚು ಇನ್ನೊಂದರಲ್ಲಿ ಉಳಿಯುತ್ತದೆ. ಆ ಇನ್ನೊಂದು ಹೋಳನ್ನು ಕಲ್ಲು ಸೀಳಿದ ದಿನವೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ತಪ್ಪಾದ ಮೇಲೆ ಅದನ್ನು ಮತ್ತೆ ತೆಗೆಸಬೇಕೆಂದರೆ ಯಾಕೆಂದು ಮೇಲಿನವನಿಗೆ ಹೇಳಬೇಕಿತ್ತು. ಅದು ನಿಮ್ಮಲ್ಲೇ ಎಲ್ಲೋ ಇರಬೇಕು, ಹುಡುಕಿ, ಎಂದರು.

ಮೂರು ವಾರದ ಮೇಲೆ ಅದು ಸಿಕ್ಕಿತು. ಯಾವುದೋ ಮೀನುಗಳ ಡ್ರಾದಲ್ಲಿ, ಅದೇ ಹಳೆಯ ಪೇಪರಿನಲ್ಲಿ, ಯಾರೂ ಬಿಚ್ಚದೆ ಇತ್ತಂತೆ. ವಿಟ್ಬಿಗೆ ಕಳಿಸಿದರು. ಅಕ್ಕೋರು ಅದನ್ನು ನನ್ನ ಮೇಜಿನ ಮೇಲಿಟ್ಟರು. ನನ್ನಿಂದ ಆಗಲಿಕ್ಕಿಲ್ಲ ಎಂದೆ. ನಿನ್ನ ಕೈ ನಡಗೂದಿಲ್ಲ, ನಂದು ಇದೊಂದರ ಮ್ಯಾಲೆ ನಡಗತೈತಿ, ಎಂದರು.

ಹನ್ನೆರಡು ದಿನ ಹಿಡಿಯಿತು. ಕಾಲಿರಬೇಕಾದ ಕಡೆ ಒಂದು ತೆಳು ಕೆಸರಿನ ಪೊರೆ ಕೂತಿತ್ತು. ನೀರು ಚಿಮುಕಿಸುವುದು, ಕುಂಚದಿಂದ ಒಂದಿಷ್ಟು ಸವರುವುದು, ನಿಲ್ಲುವುದು. ಅಕ್ಕೋರು ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಹನ್ನೆರಡನೆಯ ದಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಪೊರೆಯ ಕೆಳಗಿಂದ ಎರಡು ಸಣ್ಣ ತಗ್ಗುಗಳು ಎದ್ದು ಕಂಡವು. ಒಂದರ ಹಿಂದೊಂದು, ಕೊನೆಯದು ಉಗುರಿನಂತೆ ಚೂಪು. ಕಳೆದುಹೋದ ಎರಡು ಮೂಳೆಗಳ ಅಚ್ಚು. ಸ್ಕೇಲಿಟ್ಟು ಅಳೆದೆವು. ಬೆರಳು ಗಿಡ್ಡವಲ್ಲ. ಆ ಜಾತಿಯ ಎಲ್ಲ ಹಕ್ಕಿಗಳ ಬೆರಳು ಎಷ್ಟಿರಬೇಕೋ ಅಷ್ಟೇ.

ಅಕ್ಕೋರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲು ಬಹಳ ಹೊತ್ತು ಹಿಡಿಯಿತು. "ಹತ್ತರಾಗ ಹನ್ನೊಂದನೇ ಹಕ್ಕಿ ನೋಡವಾ ಇದು. ನಾನs ಸುಳ್ಳು ಹೇಳಿ ಅದನ್ನ ದೊಡ್ಡ ವಿಶೇಷ ಮಾಡಿದ್ದೆ" ಎಂದು, ಎಷ್ಟೋ ವರ್ಷಗಳಿಂದ ಹೊತ್ತ ಗಂಟನ್ನು ಇಳಿಸಿದವರಂತೆ ಭುಜ ಕೆಳಗೆ ಬಿಟ್ಟರು. ಆಮೇಲೆ ಒಳಗೆ ಹೋದರು. ಈರುಳ್ಳಿ ಹೆಚ್ಚುವ ಸದ್ದು ಕೇಳಿಸಿತು. ಅವತ್ತು ಅವರು ಹೊಸ್ತಿಲ ಮೇಲೆ ನಿಂತು ಎರಡು ಬಟ್ಟಲು ಚುರುಮುರಿ ತಿಂದರು.

ರಿಪೋರ್ಟು ನಾವಿಬ್ಬರೂ ಸೇರಿ ಬರೆದೆವು. ಏನು ಮುರಿಯಿತು, ಯಾರ ಕೈಯಲ್ಲಿ, ಯಾವಾಗ, ಯಾವುದು ಪ್ಲಾಸ್ಟರು, ಯಾವುದು ಮೂಳೆ, ಎಲ್ಲ. ಕಾಲೇಜಿನವರು ಅವರ ಮೇಲೆ ಏನೂ ಕ್ರಮ ತೆಗೆದುಕೊಳ್ಳಲಿಲ್ಲ. ಮೊದಲಿಗಿಂತ ಹೆಚ್ಚು ಕಲ್ಲುಗಳನ್ನು ಕಳಿಸಿದರು. ಆಮೇಲೆ ಅಕ್ಕೋರು ಸ್ವಲ್ಪ ಬದಲಾದರು. ಕೆಲಸದಲ್ಲಿ ಸಣ್ಣದಾಗಿ ಹಾಡು ಗುನುಗುವರು. ನನ್ನ ಕೈ ಚಲೋ ಓಡಿದರೆ ಚಲೋ ಓಡಿತು ಎಂದು ಬಾಯಿಬಿಟ್ಟೇ ಹೇಳುವರು. ಮರುವರ್ಷ ಒಂದು ದೊಡ್ಡ ಸಂಗ್ರಹಾಲಯದಲ್ಲಿ ನನಗೆ ಪೂರ್ಣಾವಧಿ ಕೆಲಸ ಸಿಕ್ಕಿತು. ಅವರು ಬರೆದುಕೊಟ್ಟ ಪತ್ರದಲ್ಲಿ ನನ್ನ ಕೈಯ ಬಗ್ಗೆ ಒಂದೇ ಸಾಲು ಇತ್ತು. ಉಳಿದದ್ದೆಲ್ಲ ಆ ಸೋಮವಾರ ಕಾರಿನಲ್ಲಿ ನಾನು ಹೇಳಿದ್ದರ ಬಗ್ಗೆ.

೨೦೧೯ರ ಅಕ್ಟೋಬರಿನಲ್ಲಿ ಅವರು ಹೋದರು. ಹೃದಯದ ತೊಂದರೆ ಮೊದಲಿಂದಲೂ ಇತ್ತು. ಬೆಳಿಗ್ಗೆ ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮಗಳ ಫೋನು ಬಂದಾಗ ನಾನು ಕೆಲಸದಲ್ಲಿದ್ದೆ. ಎದುರಿನ ಒದ್ದೆ ಕಲ್ಲಿಗೆ ಬಟ್ಟೆ ಹೊದಿಸಿ, ಪಕ್ಕದವರಿಗೆ ನೀರು ಚಿಮುಕಿಸಲು ಹೇಳಿ, ವಿಟ್ಬಿಯ ಟ್ರೇನು ಹಿಡಿದೆ.

ಅವರ ಮಗಳು ನನಗಿಂತ ಒಂದೆರಡು ವರ್ಷಕ್ಕೆ ಹಿರಿಯಳು. ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲೇ. ಬಂದವರೆಲ್ಲ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತೆವು. ಆ ಹಕ್ಕಿಯದು ನಿಜವಾಗಿ ಏನಾಯಿತು ಎಂದು ಅವಳು ಕೇಳಿದಳು. ಅಮ್ಮ ಏನೋ ಅರ್ಧರ್ಧ ಹೇಳಿ ನಗುತ್ತಿದ್ದಳು, ಪೂರ್ತಿ ಹೇಳಲೇ ಇಲ್ಲ, ಎಂದಳು. ನಾನು ಮೊದಲಿಂದ ಹೇಳಿದೆ. ಸೂಜಿ ಜಾರಿದ್ದು, ಜರಡಿ ಹಿಡಿದದ್ದು, ಚಹಾದ ಗಸಿ. ನೀವು ಆಗ ನಾಲ್ಕು ವರ್ಷದವರಂತೆ ಎಂದೂ ಹೇಳಿದೆ.

ಅವಳು ಕಪ್ಪು ಕೆಳಗಿಟ್ಟಳು. ತನಗೆ ಆ ದಿನಗಳು ನೆನಪಿವೆ ಎಂದಳು. ನಾಲ್ಕು ವರ್ಷದ ನೆನಪು ಅದೊಂದೇ. ಅಮ್ಮ ಎಷ್ಟೋ ದಿನ ಮಾತಾಡಲಿಲ್ಲ, ಜಡೆ ಹಾಕುವಾಗಲೂ ಮಾತಾಡಲಿಲ್ಲ. ತಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ, ಇದ್ದ ಆಟಿಕೆಗಳನ್ನೆಲ್ಲ ಜೋಡಿಸಿಟ್ಟು, ಹೇಳಿಸಿಕೊಳ್ಳದೆಯೇ ಹಾಲು ಕುಡಿದು, ಕಾಯುತ್ತಿದ್ದಳಂತೆ. ದೊಡ್ಡವಳಾದ ಮೇಲೂ ಕೇಳಲಾಗಲಿಲ್ಲ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದವಳು ಕೊನೆಗೆ ಕನ್ನಡಕ್ಕೆ ಬಂದಳು.

"ನಂದs ತಪ್ಪು ಅಂತ ತಿಳ್ಕೊಂಡಿದ್ದೆ" ಎಂದಳು.

"ಅಲ್ರಿ" ಎಂದೆ. "ನಿಮ್ದಲ್ಲ. ಹಕ್ಕಿ ಕಾಲಬಟ್ಟಿಂದು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಅಳು ಬಂತು, ಮತ್ತೆ ನಗು ಬಂತು. ನಾನು ಎದ್ದು ಅವಳ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದೆ.